ರಹೀಮ್ ಸಾಹೇಬರ ಕೀಲಿಕೈ

ಭಾರತದ ಫುಟ್‌ಬಾಲ್ ತಂಡ ಎಲ್ಲಾದರೂ ಸೋತು ಬಂತು ಅನ್ನಿ, ಮಾರನೇ ದಿನ ನನ್ನ ಟೈಮ್‌ಲೈನಿನಲ್ಲಿ ಅದೇ ಹಳೇ ಕಪ್ಪುಬಿಳುಪು ಫೋಟೊ. 1962, ಜಕಾರ್ತ, ಏಷ್ಯನ್ ಗೇಮ್ಸ್ ಚಿನ್ನ. ಕೆಳಗೆ ಅದೇ ಸಾಲು: 'ಒಂದು ಕಾಲದಲ್ಲಿ ನಾವು ಏಷ್ಯಾದ ಬ್ರೆಜಿಲ್ ಆಗಿದ್ದೆವು.' ಅದರ ಕೆಳಗೆ ಸಾಲುಸಾಲು ಕೈಮುಗಿಯುವ ಎಮೋಜಿ. ಆಮೇಲೆ ಯಾರಾದರೊಬ್ಬರು ಬಂದು, ಆ ಚಿನ್ನದ ತಂಡದ ಕೋಚ್ ರಹೀಮ್ ಸಾಹೇಬರು ಹೋದರು, ಫುಟ್‌ಬಾಲೂ ಅವರ ಜೊತೆ ಮಣ್ಣಾಯಿತು ಅಂತ ಬರೆಯುತ್ತಾರೆ. ಮುಗೀತು. ಮುಂದಿನ ಸೋಲಿನ ತನಕ ರಜೆ.

ಇದಕ್ಕೆ ಎಷ್ಟೋ ವರ್ಷ ನಾನೂ ಲೈಕ್ ಒತ್ತಿದವನೇ. ಈಗ ಯಾಕೋ ಕೈ ಬರುತ್ತಿಲ್ಲ. ಸೈಯದ್ ಅಬ್ದುಲ್ ರಹೀಮ್ ಅವರ ಬಗ್ಗೆ ಓದಿದಷ್ಟೂ, ಹೊಗಳಿಕೆಯ ಹೆಸರಿನಲ್ಲಿ ನಮಗೆ ನಾವೇ ರಿಯಾಯಿತಿ ಕೊಟ್ಟುಕೊಳ್ಳುತ್ತಿದ್ದೀವಿ ಅನ್ನಿಸತೊಡಗಿದೆ. ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತಿದ್ದರೆ ಓದಿ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. ಓದಿದ್ದು ಉಸ್ಮಾನಿಯಾದಲ್ಲಿ. ಮಾಡಿದ್ದು ಶಾಲೆ ಮೇಷ್ಟ್ರ ಕೆಲಸ. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಆ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಬಾಂಬೆಯ ರೋವರ್ಸ್ ಕಪ್ ಗೆದ್ದಿತು. ಐದು ಸಲ! ಕಲ್ಕತ್ತಾದ ದೊಡ್ಡ ಕ್ಲಬ್ಬುಗಳೇ ಎಲ್ಲ ಅಂದುಕೊಂಡಿದ್ದ ಕಾಲದಲ್ಲಿ, ಪೊಲೀಸ್ ಕೆಲಸದಲ್ಲಿದ್ದ ಹುಡುಗರ ತಂಡ. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯೂ 1956-57, 1957-58 ಎರಡು ವರ್ಷ ಹೈದರಾಬಾದಿಗೇ ಹೋಯಿತು. ಅವರೇ ಕೋಚ್ ಆಗಿದ್ದ ದೇಶದ ತಂಡದ ಲೆಕ್ಕ ಬೇರೆ: 1951ರಲ್ಲಿ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರಲ್ಲಿ ಮತ್ತೆ ಚಿನ್ನ. ಮರುವರ್ಷ ಜೂನ್ 11ಕ್ಕೆ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು ಇನ್ನೂ 53.

ಈ ಪಟ್ಟಿ ಎಲ್ಲ ಕಡೆ ಸಿಗುತ್ತೆ. ನನಗೆ ಹಿಡಿಸಿದ್ದು ಪಟ್ಟಿಯಲ್ಲಿ ಯಾರೂ ಹಾಕದ ಒಂದು ಅಂಕಿ. 10-1.

1952, ಹೆಲ್ಸಿಂಕಿ ಒಲಿಂಪಿಕ್ಸ್. ಹಿಂದಿನ ವರ್ಷವಷ್ಟೇ ಏಷ್ಯಾ ಗೆದ್ದ ತಂಡ. ದೆಹಲಿ ಫೈನಲ್‌ನಲ್ಲಿ ಇರಾನ್ ವಿರುದ್ಧ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನ ಸಿಹಿ ಇನ್ನೂ ಬಾಯಲ್ಲಿತ್ತು. ಎದುರಿಗೆ ಯುಗೊಸ್ಲಾವಿಯಾ. ಚಳಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಇಳಿದರು. ಹತ್ತು ಗೋಲು ತಿಂದು ಬಂದರು. ನಮ್ಮ ಕಡೆಯ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚಪಾಂಡವರು' ಅನ್ನಿಸಿಕೊಂಡ ಐದು ಫಾರ್ವರ್ಡ್‌ಗಳಲ್ಲಿ ಒಬ್ಬರು. ಬೆಂಗಳೂರಿನಲ್ಲಿ ಅವರ ಹೆಸರು ಹೇಳಿದರೆ ಇವತ್ತು ಎಷ್ಟು ಜನ ತಲೆ ಆಡಿಸುತ್ತಾರೋ. ಇರಲಿ, ಅದು ಬೇರೆ ಹೊಟ್ಟೆಯುರಿ.

ಈಗ ಯೋಚಿಸಿ. ನೀವು ಕೋಚ್. 10-1. ಊರಿಗೆ ಬಂದು ಏನು ಹೇಳುತ್ತೀರಿ? ಚಳಿ ಇತ್ತು, ಶೂ ಇರಲಿಲ್ಲ, ಅವರು ಯುರೋಪಿನವರು, ನಮ್ಮಲ್ಲಿ ಪಂದ್ಯದ ಅವಧಿಯೇ 90 ನಿಮಿಷಕ್ಕಿಂತ ಕಡಿಮೆ, ಹುಡುಗರಿಗೆ ಅಷ್ಟು ಹೊತ್ತು ಓಡಿ ಅಭ್ಯಾಸವಿಲ್ಲ. ಎಲ್ಲವೂ ನಿಜವೇ. ಒಂದೊಂದೂ ಒಳ್ಳೆಯ ನೆಪವೇ. ರಹೀಮರು ಅದೇ ಪಟ್ಟಿಯನ್ನು ಮೇಷ್ಟ್ರು ಉತ್ತರಪತ್ರಿಕೆ ನೋಡುವ ಹಾಗೆ ನೋಡಿದರು ಅನ್ನಿಸುತ್ತೆ. ಎಲ್ಲಿ ತಪ್ಪಾಗಿದೆಯೋ ಅಲ್ಲಿ ಕೆಂಪು ಗೆರೆ. ಗೆರೆ ಎಳೆದ ಕಡೆ ಮತ್ತೆ ಬರೆಸಬೇಕು, ಅಷ್ಟೇ. ಬರಿಗಾಲಿನ ಆಟ ನಿಂತಿತು, ಶೂ ಕಡ್ಡಾಯವಾಯಿತು. ಅದು ನಿಯಮದ ಮಾತು, ಒಂದು ಸುತ್ತೋಲೆಯಲ್ಲಿ ಆಗಿಬಿಡುತ್ತೆ. ಉಳಿದದ್ದಕ್ಕೆ ಮೈದಾನದಲ್ಲಿ ಬೆವರಬೇಕಿತ್ತು.

ನಮ್ಮ ಆಟಗಾರರ ರೋಗ ಆಗಲೂ ಒಂದೇ, ಈಗಲೂ ಒಂದೇ. ಚೆಂಡು ಸಿಕ್ಕಿತೋ, ಬಿಡುವುದಿಲ್ಲ. ಒಬ್ಬನನ್ನು ದಾಟಿಸು, ಇನ್ನೊಬ್ಬನನ್ನು ದಾಟಿಸು, ಜನ ಶಿಳ್ಳೆ ಹೊಡೆಯಬೇಕು. ಪಾಸ್ ಕೊಟ್ಟವನಿಗೆ ಯಾರು ಶಿಳ್ಳೆ ಹೊಡೆಯುತ್ತಾರೆ? ರಹೀಮರು ಇದಕ್ಕೆ ಭಾಷಣ ಮಾಡಲಿಲ್ಲ. ಡ್ರಿಬ್ಲಿಂಗೇ ಮಾಡಬಾರದು ಅನ್ನುವ ಟೂರ್ನಮೆಂಟ್ ಇಟ್ಟರು. ಒಂದು ಟಚ್, ಹೆಚ್ಚೆಂದರೆ ಎರಡು ಟಚ್, ಚೆಂಡು ಹೊರಡಬೇಕು. ಇನ್ನೊಂದು ಟೂರ್ನಮೆಂಟ್‌ನಲ್ಲಿ ಬಲಹೀನ ಕಾಲಿನಲ್ಲಿ ಮಾತ್ರ ಆಡಬೇಕು. ಬಲಗಾಲಿನವನು ಎಡಗಾಲಲ್ಲಿ, ಎಡಗಾಲಿನವನು ಬಲಗಾಲಲ್ಲಿ. ಬುದ್ಧಿ ಹೇಳುವುದಕ್ಕಿಂತ ಆಟದ ನಿಯಮ ಬದಲಿಸುವುದು ಸುಲಭ ಅಂತ ಮಕ್ಕಳ ಜೊತೆ ದಿನಗಟ್ಟಲೆ ಹೆಣಗಿದವರಿಗೆ ಮಾತ್ರ ಹೊಳೆಯುತ್ತೆ.

ಇದನ್ನು ಓದಿ ನನಗೂ ಹುಕಿ ಬಂತು. ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಮೈದಾನದಲ್ಲಿ ಹದಿನೈದಿಪ್ಪತ್ತು ಮಕ್ಕಳು ಆಡುತ್ತಾರೆ. ನಾನು ಕೋಚೂ ಅಲ್ಲ, ಗೀಚೂ ಅಲ್ಲ, ಸುಮ್ನೆ ಶಿಳ್ಳೆ ಊದುವ ಅಂಕಲ್. 'ಇವತ್ತು ಎಡಗಾಲು ಮಾತ್ರ. ಬಲಗಾಲು ತಾಗಿತೋ, ಫೌಲ್' ಅಂದೆ. ಹೋ ಅಂತ ಕೂಗಾಡಿದರು. ಹತ್ತು ನಿಮಿಷದಲ್ಲಿ ಮೈದಾನ ನೋಡಬೇಕಿತ್ತು. ಇಡೀ ಟೀಮಿಗೇ ಹೀರೊ ಅನ್ನಿಸಿಕೊಂಡಿದ್ದ ಹುಡುಗ ಖಾಲಿ ಗೋಲಿನ ಮುಂದೆ ಚೆಂಡು ಒದೆಯಲು ಹೋಗಿ ನೆಲ ಒದ್ದು ಕೂತುಬಿಟ್ಟ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಮುಖ ಕೆಂಪಾಯಿತು. 'ಅಂಕಲ್, ಇದೇನು ಫುಟ್‌ಬಾಲಾ? ಎಡಗಾಲಲ್ಲಿ ಬರಲ್ಲ ನಂಗೆ' ಅಂದ. ಬರಲ್ಲ ಅಂತಲೇ ಕಣೋ ಆಡಿಸ್ತಿರೋದು ಅಂದೆ. ಮೂತಿ ಉಬ್ಬಿಸಿಕೊಂಡೇ ಆಡಿದ.

ಆಮೇಲೆ ನಾನು ಗಮನಿಸಿದ್ದು ಇದು. ಎಡಗಾಲಲ್ಲಿ ಡ್ರಿಬಲ್ ಮಾಡಲು ಆಗದೆ ಎಲ್ಲರೂ ಬೇಗ ಬೇಗ ಪಾಸ್ ಕೊಡತೊಡಗಿದರು. ಪಾಸ್ ಕೊಡಬೇಕಾದರೆ ತಲೆ ಎತ್ತಿ ನೋಡಬೇಕಲ್ಲ, ನೋಡತೊಡಗಿದರು. ಮೂಲೆಯಲ್ಲಿ ಚೆಂಡೇ ಸಿಗದೆ ನಿಂತಿರುತ್ತಿದ್ದ ಸಣ್ಣ ಹುಡುಗನಿಗೆ ಅವತ್ತು ಎಷ್ಟೋ ಸಲ ಚೆಂಡು ಬಂತು. ಖರ್ಚು? ಒಂದು ರೂಪಾಯಿಯೂ ಇಲ್ಲ.

ಮತ್ತೆ ರಹೀಮರಿಗೆ ಬರೋಣ.

1956ರ ಮೆಲ್ಬರ್ನ್ ಬಗ್ಗೆ ನಮ್ಮವರು ಬರೆಯುವಾಗ ಸ್ವಲ್ಪ ಉಪ್ಪುಖಾರ ಜಾಸ್ತಿ ಹಾಕುತ್ತಾರೆ. ಒಲಿಂಪಿಕ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾದ ತಂಡ, ನಿಜ. ಆದರೆ ಮೊದಲ ಸುತ್ತಿನಲ್ಲಿ ಎದುರಾಗಬೇಕಿದ್ದ ಹಂಗೇರಿ ಬರಲೇ ಇಲ್ಲ, ವಾಕ್‌ಓವರ್ ಸಿಕ್ಕಿತು. ಗೆದ್ದದ್ದು ಒಂದೇ ಪಂದ್ಯ, ಆತಿಥೇಯ ಆಸ್ಟ್ರೇಲಿಯಾ ಮೇಲೆ 4-2. ಅದರಲ್ಲಿ ನೆವಿಲ್ ಡಿಸೋಜ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಸೋಲು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಕೈಲಿ 3-0. ಇದನ್ನೆಲ್ಲ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತೆ. ಸಾಧನೆ ಸಣ್ಣದು ಮಾಡುತ್ತಿದ್ದೀಯಾ ಅನ್ನುತ್ತಾರೆ. ಇಲ್ಲ ಮಾರಾಯರೇ. ಸಾಧನೆ ಎಲ್ಲಿದೆಯೋ ಅಲ್ಲಿ ತೋರಿಸೋಣ ಅಂತ.

ನನ್ನ ಪ್ರಕಾರ ಅದು ಇರುವುದು ಸೋತ ಸೆಮಿಫೈನಲ್‌ನಲ್ಲಿ. ಎದುರಾಳಿ ಯಾರು ಹೇಳಿ? ಅದೇ ಯುಗೊಸ್ಲಾವಿಯಾ. ನಾಲ್ಕು ವರ್ಷದ ಹಿಂದೆ ಹತ್ತು ಹೊಡೆದವರು. ಈ ಸಲ ವಿರಾಮದವರೆಗೆ ಗೋಲಿಲ್ಲ. ವಿರಾಮದ ನಂತರ ಮೊದಲ ಗೋಲು ನಮ್ಮದು, ಮತ್ತೆ ನೆವಿಲ್. ಒಲಿಂಪಿಕ್ ಫೈನಲ್ ಕಣ್ಣ ಮುಂದೆ! ಆಮೇಲೆ ಅವರು ಸಾಲಾಗಿ ಹೊಡೆದು 4-1 ಮಾಡಿದರು. ಸೋಲು ಸೋಲೇ. ಆದರೆ 10-1ರಿಂದ 4-1ಕ್ಕೆ, ಅದೂ ಮುನ್ನಡೆ ತೆಗೆದುಕೊಂಡು. ನನಗೆ ಚಿನ್ನದ ಪದಕಕ್ಕಿಂತ ಈ ಎರಡು ಅಂಕಿಗಳ ನಡುವಿನ ಅಂತರವೇ ಹೆಚ್ಚು ಮಾತಾಡುತ್ತೆ. ಆ ತಂಡದ ಹಾಫ್‌ಬ್ಯಾಕ್ ಸಾಲಿನಲ್ಲಿ ನಮ್ಮ ಕೆಂಪಯ್ಯ ಇದ್ದರು ಅನ್ನುವುದನ್ನೂ ಸೇರಿಸಿಬಿಡುತ್ತೇನೆ. 1960ರ ರೋಮ್‌ಗೂ ಅವರು ಹೋದರು.

ಇದರ ನಡುವೆ ರಹೀಮರು ಆಟದ ನಕ್ಷೆಯನ್ನೇ ಬದಲಿಸಿದ್ದರು. 1953ರಲ್ಲಿ ಹಂಗೇರಿಯವರು ವೆಂಬ್ಲಿಗೆ ಹೋಗಿ ಇಂಗ್ಲೆಂಡಿಗೆ 6-3 ಬಾರಿಸಿದರಲ್ಲ, ಸೆಂಟರ್ ಫಾರ್ವರ್ಡ್‌ನನ್ನು ಹಿಂದಕ್ಕೆ ಇಟ್ಟು ಡಿಫೆಂಡರ್‌ಗಳ ತಲೆ ಕೆಡಿಸುವ ಆ ವಿದ್ಯೆ, ಅದನ್ನು ನಮ್ಮಲ್ಲಿ ತಂದು ಆಡಿಸಿದವರು ಇವರು. ಟಿವಿ ಇಲ್ಲ, ವಿಡಿಯೊ ಇಲ್ಲ. ಬ್ರೆಜಿಲ್‌ಗಿಂತ ಮೊದಲೇ 4-2-4 (ಹಿಂದೆ ನಾಲ್ವರು, ಮಧ್ಯೆ ಇಬ್ಬರು, ಮುಂದೆ ನಾಲ್ವರು) ಆಡಿಸಿದ್ದು ನಮ್ಮ ರಹೀಮರೇ ಅಂತ ಒಂದು ಮಾತು ಓಡಾಡುತ್ತಿರುತ್ತದೆ. ನನಗೆ ಆ ಪೈಪೋಟಿ ಬೇಡ. ಮೊದಲು ಯಾರು ಅನ್ನುವುದು ಪಟ್ಟದ ಜಗಳ. ಎಲ್ಲಿಂದಲೋ ಬಂದ ಸುದ್ದಿಯನ್ನು ಪೊಲೀಸ್ ಮೈದಾನದ ಹುಡುಗರಿಗೆ ಅರ್ಥವಾಗುವ ಹಾಗೆ ಪಾಠ ಮಾಡಿದ್ದು ದೊಡ್ಡದು.

ರೋಮ್ ಬಗ್ಗೆ ಜಾಸ್ತಿ ಹೇಳಲ್ಲ. ಹಂಗೇರಿ ಎದುರು 2-1 ಸೋಲು, ಫ್ರಾನ್ಸ್ ಜೊತೆ 1-1, ಪೆರು ಎದುರು 3-1 ಸೋಲು. ಅದೇ ಕೊನೆ. ಅದಾದ ಮೇಲೆ ಭಾರತ ಒಲಿಂಪಿಕ್ಸ್‌ನಲ್ಲಿ ಫುಟ್‌ಬಾಲ್ ಆಡಿಲ್ಲ.

ಜಕಾರ್ತದ ಕತೆ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ. ಒಂದು ಲಕ್ಷ ಜನ, ಎಲ್ಲರೂ ನಮ್ಮ ವಿರುದ್ಧ. ಇಸ್ರೇಲ್ ಮತ್ತು ತೈವಾನ್‌ಗೆ ಇಂಡೋನೇಷ್ಯಾ ಪ್ರವೇಶ ಕೊಡಲಿಲ್ಲ ಅಂತ ನಮ್ಮ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದ್ದರು. ಅದರ ಸಿಟ್ಟು ಪೂರ್ತಿ ನಮ್ಮ ಹುಡುಗರ ಮೇಲೆ. ರಾಷ್ಟ್ರಗೀತೆಗೂ ಕೂಗಾಟ. ಗ್ಯಾಲರಿಯಲ್ಲಿ ನಮ್ಮ ಪರ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು ಅಂತ ಆಡಿದವರೇ ನೆನೆಸಿಕೊಂಡಿದ್ದಾರೆ. ರಹೀಮರ ಮೈಯಲ್ಲಿ ಆಗಲೇ ಕ್ಯಾನ್ಸರ್ ಇತ್ತು. ಫೈನಲ್‌ಗೆ ಮುಂಚೆ ಹುಡುಗರನ್ನು ಕೂರಿಸಿಕೊಂಡು, ನನಗೊಂದು ಉಡುಗೊರೆ ಬೇಕು, ನಾಳೆ ಚಿನ್ನ ಗೆದ್ದು ಕೊಡಿ ಅಂದರಂತೆ. ಇದನ್ನು ಓದುವಾಗ ನನಗೂ ಗಂಟಲು ಕಟ್ಟುತ್ತೆ, ಸುಳ್ಳು ಯಾಕೆ ಹೇಳಲಿ.

ಆದರೆ ಕಣ್ಣೀರಿನಲ್ಲಿ ಮುಖ್ಯ ವಿಷಯ ಕೊಚ್ಚಿಹೋಗುತ್ತೆ. ಆ ಟೂರ್ನಿಯ ಮೊದಲ ಪಂದ್ಯದಲ್ಲಿ ನಮ್ಮನ್ನು 2-0 ಸೋಲಿಸಿದ್ದು ದಕ್ಷಿಣ ಕೊರಿಯಾ. ಫೈನಲ್‌ನಲ್ಲಿ ಎದುರಾದದ್ದೂ ದಕ್ಷಿಣ ಕೊರಿಯಾ. ಮತ್ತೆ ಅದೇ ಪರೀಕ್ಷೆ, ಅದೇ ಪ್ರಶ್ನೆಪತ್ರಿಕೆ. ಮಧ್ಯದಲ್ಲಿ ಥಾಯ್ಲೆಂಡ್ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡರು, ಹೊಲಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಬೆಂಚಿನಲ್ಲಿ ಕೂರಿಸುತ್ತಿದ್ದರು. ರಹೀಮರು ಸೆಮಿಫೈನಲ್‌ಗೆ ಅವರನ್ನು ಫಾರ್ವರ್ಡ್ ಮಾಡಿ ಇಳಿಸಿದರು. ದಕ್ಷಿಣ ವಿಯೆಟ್ನಾಂ ವಿರುದ್ಧ ಒಂದು ಗೋಲು. ಫೈನಲ್‌ನಲ್ಲಿ ಇನ್ನೊಂದು. ಗೋಲ್‌ಕೀಪರ್ ವಿಷಯವೂ ಹಾಗೇ. ಅಲ್ಲಿಯವರೆಗೆ ಪ್ರದ್ಯುತ್ ಬರ್ಮನ್ ಚೆನ್ನಾಗಿಯೇ ಆಡಿದ್ದರು. ಫೈನಲ್‌ಗೆ ಜ್ವರದಿಂದ ಎದ್ದು ಬಂದ ಎತ್ತರದ ಆಳು ಪೀಟರ್ ತಂಗರಾಜ್ ಇಳಿದರು. ಗೆಲ್ಲುತ್ತಿರುವ ತಂಡವನ್ನು ಮುಟ್ಟಬೇಡ ಅನ್ನುವುದು ಕೋಚ್‌ಗಳ ವೇದವಾಕ್ಯ. ಈ ಮನುಷ್ಯನಿಗೆ ಅದು ಲೆಕ್ಕಕ್ಕೇ ಇಲ್ಲ. ಹದಿನೇಳನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ, ಇಪ್ಪತ್ತಕ್ಕೆ ಜರ್ನೈಲ್. ಕೊರಿಯಾ ಕೊನೆಯಲ್ಲಿ ಒಂದು ತೀರಿಸಿತು, ಅಷ್ಟೇ. 2-1.

ಈಗ ನನ್ನ ತಕರಾರಿಗೆ ಬರುತ್ತೇನೆ. ಆ ತಂಡದಲ್ಲಿದ್ದ ಫೋರ್ಚುನಾಟೊ ಫ್ರಾಂಕೊ ಅವರ ಒಂದು ಮಾತು ತುಂಬ ಪ್ರಸಿದ್ಧ. ರಹೀಮರು ಭಾರತದ ಫುಟ್‌ಬಾಲಿನ ಕೀಲಿಕೈಯನ್ನು ತಮ್ಮ ಜೊತೆ ಗೋರಿಗೆ ಒಯ್ದರು ಅನ್ನುವ ಅರ್ಥದ್ದು. ಶಿಷ್ಯ ಆಡಿದ ಮಾತು, ಅದರಲ್ಲಿ ಪ್ರೀತಿ ಇದೆ, ದುಃಖ ಇದೆ. ಅವರು ಹೇಳಬಹುದು. ಆದರೆ ನಾವು ಅದನ್ನೇ ಅರವತ್ತು ವರ್ಷ ಜಪ ಮಾಡಿದರೆ?

ಯಾವ ಕೀಲಿಕೈ ಸ್ವಾಮಿ? ಎಡಗಾಲಲ್ಲಿ ಆಡಿಸುವುದು ರಹಸ್ಯವಾ? ಎರಡು ಟಚ್‌ಗೆ ಚೆಂಡು ಬಿಡು ಅನ್ನುವುದು ಮಂತ್ರವಾ? ತಪ್ಪು ಎಲ್ಲಾಯಿತು ಅಂತ ಕೂತು ನೋಡುವುದಕ್ಕೆ ತಾಯಿತ ಬೇಕಾ? ರಹೀಮರ ಕೋಣೆಗೆ ಬೀಗವೇ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಹೋದರೆ ಕೆಲಸ ಮಾಡಬೇಕಾಗುತ್ತೆ ಅಂತ ನಾವು ಹೊಸ್ತಿಲಲ್ಲೇ ನಿಂತು, ಅಯ್ಯೋ ಕೀಲಿ ಕಳೆದುಹೋಯಿತು ಅಂತ ಅಳುತ್ತಿದ್ದೇವೆ.

ಕೀಲಿ ಗೋರಿಗೆ ಹೋಗಿದ್ದರೆ ಆಮೇಲಿನದು ಹೇಗಾಯಿತು? ಅವರು ತೀರಿಕೊಂಡು ಮೂರು ವರ್ಷವೂ ತುಂಬುವ ಮೊದಲು, 1965-66ರ ಸಂತೋಷ್ ಟ್ರೋಫಿ ಹೈದರಾಬಾದ್ ಸೇರಿದ್ದ ಆಂಧ್ರಕ್ಕೆ ಹೋಯಿತು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಬಂತು. ನಾಯಕ ಹೈದರಾಬಾದಿನ ಸೈಯದ್ ನಯೀಮುದ್ದೀನ್, ತರಬೇತಿ ಕೊಟ್ಟವರಲ್ಲಿ ರಹೀಮರ ಶಿಷ್ಯ ಪಿ.ಕೆ. ಬ್ಯಾನರ್ಜಿ. ಅದೇ ಪಿ.ಕೆ. 1977ರಲ್ಲಿ ಮೋಹನ್ ಬಗಾನ್ ಕೋಚ್ ಆಗಿ ಪೆಲೆ ಇದ್ದ ನ್ಯೂಯಾರ್ಕಿನ ಕಾಸ್ಮಾಸ್ ತಂಡವನ್ನು 2-2ಕ್ಕೆ ತಡೆದರು. ಪಾಠ ಹಬ್ಬಿತ್ತು. ಶಿಷ್ಯರು ಇದ್ದರು. ಆದರೆ ಶಿಷ್ಯರ ಶಿಷ್ಯರನ್ನು ತಯಾರು ಮಾಡುವ ಏರ್ಪಾಡು ಇರಲಿಲ್ಲ. ಒಬ್ಬ ಮೇಷ್ಟ್ರು ಒಳ್ಳೆಯವರಿದ್ದರು ಅಂತ ಊರಿನ ಶಾಲೆ ನಡೆಯುತ್ತಾ? ಮೇಷ್ಟ್ರು ಹೋದ ಮೇಲೂ ಬಾಗಿಲು ತೆಗೆಯಬೇಕು, ಗಂಟೆ ಹೊಡೆಯಬೇಕು, ಹಾಜರಿ ಕರೆಯಬೇಕು.

ಇದರಲ್ಲಿ ರಹೀಮರ ಪಾಲೂ ಸ್ವಲ್ಪ ಇದೆ ಅನ್ನುವುದು ನನ್ನ ಅನಿಸಿಕೆ. ಬೈಯಬೇಡಿ, ಕೇಳಿ. ಹೈದರಾಬಾದ್ ಪೊಲೀಸ್ ತಂಡವೂ ಅವರದೇ, ದೇಶದ ತಂಡವೂ ಅವರದೇ, ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯೂ ಅವರೇ. ಎಲ್ಲ ಒಂದೇ ತಲೆಯಲ್ಲಿ. ಬದುಕಿದ್ದಾಗ ಅದೇ ಶಕ್ತಿ, ಹೋದ ಮೇಲೆ ಅದೇ ಪೆಟ್ಟು. ಇನ್ನು ಹತ್ತು ವರ್ಷ ಇದ್ದಿದ್ದರೆ ಪಕ್ಕದಲ್ಲಿ ನಾಲ್ಕು ಜನ ಕೋಚ್‌ಗಳನ್ನು ಬೆಳೆಸುತ್ತಿದ್ದರೋ ಏನೋ. 53ಕ್ಕೇ ಹೋದವರನ್ನು ಇದಕ್ಕಿಂತ ಹೆಚ್ಚು ತರಾಟೆಗೆ ತೆಗೆದುಕೊಳ್ಳುವುದು ನ್ಯಾಯ ಅಲ್ಲ. ಉಳಿದ ಲೆಕ್ಕ ಬದುಕಿ ಉಳಿದವರದ್ದು.

ಆ ಬದುಕಿ ಉಳಿದವರೂ ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. 2020ರ ಮಾರ್ಚ್‌ನಲ್ಲಿ ಪಿ.ಕೆ., ಏಪ್ರಿಲ್‌ನಲ್ಲಿ 1962ರ ತಂಡದ ನಾಯಕ ಚುನಿ ಗೋಸ್ವಾಮಿ. ಮರುವರ್ಷ ಫ್ರಾಂಕೊ. 2023ರಲ್ಲಿ ಅದೇ ತಂಡದ ತುಳಸಿದಾಸ್ ಬಲರಾಮ್. ರಹೀಮರ ಮಗ ಹಕೀಮ್ ಸಾಹೇಬರು, ರೋಮ್ ಒಲಿಂಪಿಕ್ ತಂಡದಲ್ಲಿದ್ದವರು, ಮುಂದೆ ಫಿಫಾ ರೆಫರಿ ಆದವರು, 2021ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಕೊನೆಯುಸಿರೆಳೆದರು. ನಮ್ಮ ನಾಡಿನಲ್ಲೇ ಇದ್ದರು ಅಂತ ನನಗೆ ತಿಳಿದದ್ದು ಅವರು ಹೋದ ಸುದ್ದಿ ಓದಿದ ದಿನ. ಅವರ ಮುಂದೆ ಒಂದು ರೆಕಾರ್ಡರ್ ಇಟ್ಟು, ಅಪ್ಪ ಪ್ರಾಕ್ಟೀಸ್ ಹೇಗೆ ಮಾಡಿಸುತ್ತಿದ್ದರು, ದಿನದಿನದ್ದು ಹೇಳಿ ಸಾರ್ ಅಂತ ನಾನೇ ಹೋಗಿ ಕೇಳಬಹುದಿತ್ತು. ಬೆಂಗಳೂರಿನಿಂದ ಒಂದು ರಾತ್ರಿ ರೈಲಿನ ದೂರ. ಕಪ್ಪುಬಿಳುಪು ಫೋಟೊಗೆ ಲೈಕ್ ಒತ್ತುವುದು ಸುಲಭ, ಅಲ್ವಾ.

ಎಡಗಾಲಿನ ಭಾನುವಾರದ ಮುಂದಿನ ವಾರ ಹನ್ನೊಂದೇ ಮಕ್ಕಳು ಬಂದರು. ಆಟ ಬೋರಂತೆ. ಇನ್ನಿಬ್ಬರ ಅಮ್ಮಂದಿರು ವಾಟ್ಸಾಪ್ ಗ್ರೂಪಿನಲ್ಲಿ, 'ಮಕ್ಕಳಿಗೆ ಸರಿಯಾಗಿ ಮ್ಯಾಚ್ ಆಡಿಸಿ ಸರ್' ಅಂತ ಹಾಕಿದ್ದರು. ನೆಲ ಒದ್ದು ಕೂತಿದ್ದ ಹುಡುಗ ಮಾತ್ರ ನನಗಿಂತ ಮುಂಚೆ ಬಂದು ಕಾಂಪೌಂಡ್ ಗೋಡೆಗೆ ಚೆಂಡು ಬಡಿಯುತ್ತಿದ್ದ. ಧಡ್, ಧಡ್. ಹತ್ತರಲ್ಲಿ ಏಳು ಸಲ ಎಲ್ಲೆಲ್ಲಿಗೋ ಹೋಗುತ್ತಿತ್ತು. ನನ್ನನ್ನು ನೋಡಿ ನಿಲ್ಲಿಸಿದ.

'ಅಂಕಲ್, ಇವತ್ತೂ ಎಡಗಾಲೇನಾ?'

'ಹ್ಞೂಂ, ಮೊದಲ ಅರ್ಧ ಗಂಟೆ.'

'ಥೂ' ಅಂದ. ಚೆಂಡು ತರಲು ಚರಂಡಿ ಕಡೆ ಓಡಿದ.